ನೆಲಕ್ಕೆ ಮೊಣಕಾಲಿಲ್ಲ

ಆಲ್ಡರ್ಬಿ
1086, ಫೆಬ್ರವರಿ 3

ಅಕ್ಕ ಎಡಿವಾಗೆ ತಮ್ಮ ಟೋಲಿ ಹೇಳಿ ಬರೆಸಿದ್ದು.

ಬರೆಯುತ್ತಿರುವ ಕೈ ನಮ್ಮೂರ ಪಾದ್ರಿ ಬ್ರೂನಿಂಗರದು. ಅವರ ಅಕ್ಷರ ನಿನಗೆ ಗೊತ್ತೇ ಇದೆ, ಕೋಳಿ ಕೆದರಿದ ಹಾಗೆ. (ಹಾಗೆಂದು ಇವನು ಹೇಳಿದ್ದಾನೆ, ನಾನು ಬರೆದಿದ್ದೇನೆ. — ಬ್ರೂನಿಂಗ್)

ನಾವು ಬದುಕಿದ್ದೇವೆ. ನನ್ನ ಹೆಂಡತಿ ತೋವಾಳ ಕೆಮ್ಮು ಕಡಿಮೆಯಾಗಿದೆ. ಎರಡು ಹಂದಿ ಕೊಯ್ದು ಉಪ್ಪು ಹಾಕಿದ್ದೇವೆ. ಬಾರ್ಲಿ ಬೇಸಿಗೆಯವರೆಗೆ ಬರುತ್ತದೆ. ಇನ್ನು ವಿಷಯಕ್ಕೆ ಬರುತ್ತೇನೆ.

ಈ ಕ್ರಿಸ್‌ಮಸ್‌ನಲ್ಲಿ ನಾರ್ಮನ್ ರಾಜನಿಗೆ ಹೊಸ ಹುಚ್ಚು ಹಿಡಿದಿದೆ. ದೇಶದ ಒಂದೊಂದು ಹೊಲ, ಒಂದೊಂದು ಗಿರಣಿ, ಒಂದೊಂದು ಎತ್ತು ಈಗ ಯಾರ ಕೈಯಲ್ಲಿದೆ, ಹಳೆಯ ಎಡ್ವರ್ಡ್ ದೊರೆಯ ಕಾಲದಲ್ಲಿ ಯಾರ ಕೈಯಲ್ಲಿತ್ತು ಎಂದು ಕೇಳಿ ಬರೆದುಕೊಳ್ಳಲು ಜನ ಕಳಿಸುತ್ತಾನಂತೆ. ತೋವಾ ಕೇಳಿದಳು: "ನಮ್ ಕೋಳೀನೂ ಎಣಿಸ್ತಾರಾ? ಎಣಿಸೋರು ಒಂದನ್ನ ಬಗಲಲ್ಲಿಟ್ಕೊಂಡ್ ಹೋಗ್ದೆ ಇದ್ರೆ ಸಾಕು." ಈಸ್ಟರ್ ಕಳೆದ ಮೇಲೆ ನಮ್ಮ ಹೋಬಳಿಯ ಸರದಿ. ಗುಡ್ಡದ ಮೇಲೆ ಸಭೆ ಸೇರುತ್ತದೆ. ಪ್ರತಿ ಊರಿನಿಂದ ಪಾದ್ರಿ, ಊರಿನ ಯಜಮಾನ, ಆರು ಜನ ಒಕ್ಕಲು ಹೋಗಿ ಸಂತರ ಮೂಳೆಯ ಮೇಲೆ ಕೈಯಿಟ್ಟು ಆಣೆ ಮಾಡಿ ಹೇಳಬೇಕು.

ಡ್ರೋಗೋನನ್ನು ನೀನು ನೋಡಿಲ್ಲ, ನೀನು ಊರು ಬಿಟ್ಟ ಮೇಲೆ ಬಂದ ನಾರ್ಮನ್. ನಮ್ಮ ಹಳೆಯ ಒಡೆಯ ಆಸ್ಮುಂಡ್ ಇಪ್ಪತ್ತು ವರ್ಷದ ಹಿಂದೆ ನಾರ್ಮನ್ನರು ದೇಶ ಗೆದ್ದ ಹೇಸ್ಟಿಂಗ್ಸ್ ಯುದ್ಧದಲ್ಲಿ ಸತ್ತ ಮೇಲೆ ಆಸ್ಮುಂಡನದನ್ನೆಲ್ಲ ರಾಜ ಇವನಿಗೆ ಕೊಟ್ಟ. ಒಂದೇ ಕಡೆ ಕೊಟ್ಟರೆ ಕೊಬ್ಬಿ ತಿರುಗಿ ಬೀಳುತ್ತಾನೆಂದು ಉಳಿದದ್ದನ್ನು ನಾಲ್ಕು ಸೀಮೆಗಳಲ್ಲಿ ಚೂರು ಚೂರು ಮಾಡಿ ಕೊಟ್ಟಿದ್ದಾನೆ. ಮನುಷ್ಯ ವರ್ಷವಿಡೀ ಕುದುರೆಯ ಮೇಲೇ ಇರುತ್ತಾನೆ. ಈಗ ಅವನು ಹೇಳುವುದೇನೆಂದರೆ, ಟೋಲಿಯ ಅಪ್ಪ ಆಸ್ಮುಂಡನ ಆಳಾಗಿದ್ದ, ಆದ್ದರಿಂದ ಟೋಲಿಯ ಎಂಬತ್ತು ಎಕರೆ ಆಸ್ಮುಂಡನದು, ಆದ್ದರಿಂದ ಅದು ನನ್ನದು.

ಅಪ್ಪ ಆಸ್ಮುಂಡನಿಗೆ ತಲೆಬಾಗಿದ್ದ, ನಿಜ. ಆದರೆ ನಮ್ಮಲ್ಲಿ ತಲೆಬಾಗುವುದು ಮನುಷ್ಯ, ನೆಲವಲ್ಲ. ಇವತ್ತು ಇವನ ನೆರಳಿನಲ್ಲಿ ಇರುತ್ತೇವೆ, ನಾಳೆ ಬೇಡವಾದರೆ ಇನ್ನೊಬ್ಬನ ನೆರಳಿಗೆ ಹೋಗುತ್ತೇವೆ; ನೆಲ ನಮ್ಮ ಜೊತೆಗೇ ಬರುತ್ತದೆ. ಇದು ಎಳೆ ಮಗುವಿಗೂ ಗೊತ್ತು. ನಾರ್ಮನ್ನರಿಗೆ ಮಾತ್ರ ಗೊತ್ತಿಲ್ಲ, ಅಥವಾ ಗೊತ್ತಿಲ್ಲದವರ ಹಾಗೆ ಇದ್ದಾರೆ.

ಅಪ್ಪ ಆಸ್ಮುಂಡನ ಆಳಾದ ದಿನ ನಾನು ತೊಟ್ಟಿಲಲ್ಲಿದ್ದೆ. ನಿನಗೆ ಹನ್ನೊಂದು ವರ್ಷ, ನೀನು ಅಪ್ಪನ ಜೊತೆಗೇ ಹೋಗಿದ್ದೆ ಎಂದು ಅವ್ವ ಹೇಳುತ್ತಿದ್ದಳು. ಆ ದಿನ ಕಂಡವರಲ್ಲಿ ಉಳಿದಿರುವವಳು ನೀನೊಬ್ಬಳೇ. ಏನು ನಡೆಯಿತು ಬರೆ. ನೆಲ ಹೋದರೆ ನಾನು ನನ್ನ ಹೊಲದಲ್ಲೇ ಡ್ರೋಗೋನ ಬಿಟ್ಟಿ ಆಳಾಗುತ್ತೇನೆ.

ಟೋಲಿ


ಸನ್ಯಾಸಿನಿಯರ ಮಠ
1086, ಫೆಬ್ರವರಿ 22

ತಮ್ಮ ಟೋಲಿಗೆ,

ನಿನ್ನ ಪತ್ರವನ್ನು ಉಪ್ಪಿನ ವ್ಯಾಪಾರಿ ತಂದುಕೊಟ್ಟ. ದಾರಿಯಲ್ಲಿ ಹದಿನೇಳು ದಿನ ಕಳೆದಿದ್ದಾನೆ. ಎರಡು ನದಿ ಉಕ್ಕಿದ್ದವಂತೆ, ಉಳಿದ ದಿನಗಳ ಲೆಕ್ಕ ಅವನು ಹೇಳಲಿಲ್ಲ.

ತೋವಾಗೆ ಕೆಮ್ಮು ಇಳಿದದ್ದು ಸಂತೋಷ. ಇಲ್ಲಿ ಉಪವಾಸದ ತಿಂಗಳು ಶುರುವಾಗಿದೆ. ಮಧ್ಯಾಹ್ನಕ್ಕೊಮ್ಮೆ ಅವರೆ ಬೇಯಿಸಿದ ನೀರು, ಬ್ರೆಡ್ಡು. ಹೊಸ ಮಠಾಧಿಕಾರಿಣಿ ನಾರ್ಮಂಡಿಯವಳು. ಕೆಟ್ಟವಳಲ್ಲ. ನಮ್ಮ ಸಂತರ ಹೆಸರುಗಳು ಅವಳ ಬಾಯಲ್ಲಿ ತಿರುಗುವುದಿಲ್ಲ, ಎಲ್ಲರನ್ನೂ "ಆ ಸಂತರು" ಎನ್ನುತ್ತಾಳೆ. ಸಂತರು ಬೇಸರ ಮಾಡಿಕೊಂಡ ಹಾಗೆ ಕಾಣುವುದಿಲ್ಲ.

ನನ್ನ ಅಕ್ಷರ ಚೆನ್ನಾಗಿದೆಯೆಂದು ಮಠದ ನೆಲಗಳ ಉತ್ತರ ಬರೆಯುವ ಕೆಲಸ ನನಗೇ ಬಂದಿದೆ. ಹಾಗಾಗಿ ರಾಜನ ಪ್ರಶ್ನೆಗಳನ್ನು ನಾನು ನಿನಗಿಂತ ಮೊದಲೇ ನೋಡಿದೆ. ಊರಿನ ಹೆಸರೇನು, ಎಡ್ವರ್ಡ್ ದೊರೆಯ ಕಾಲದಲ್ಲಿ ಯಾರು ಹಿಡಿದಿದ್ದರು, ಈಗ ಯಾರು ಹಿಡಿದಿದ್ದಾರೆ, ನೇಗಿಲು ಎಷ್ಟು, ಕಾಡಿನಲ್ಲಿ ಹಂದಿ ಎಷ್ಟು ಮೇಯುತ್ತವೆ. ಆಗ ಮತ್ತು ಈಗ, ಎರಡೇ. ಅಲ್ಲಿಂದ ಇಲ್ಲಿಗೆ ನೆಲ ಹೇಗೆ ಬಂತು ಎಂಬ ಪ್ರಶ್ನೆ ಇಲ್ಲ. ಬರೆಯುವಾಗ ನಾನು ಹುಡುಕಿದೆ, ಸಿಗಲಿಲ್ಲ. "ಯಾರದು" ಎಂದೂ ಅವರು ಕೇಳುವುದಿಲ್ಲ, "ಯಾರು ಹಿಡಿದಿದ್ದಾರೆ" ಎಂದೇ ಕೇಳುತ್ತಾರೆ. ನೆಲವೆಲ್ಲ ರಾಜನದೇ ಅಲ್ಲವೇ, ಉಳಿದವರು ಹಿಡಿದವರು ಮಾತ್ರ. ನಮ್ಮ ಮಠ ಕೂಡ ಅಷ್ಟೇ. ಇಲ್ಲಿನ ಹೊಲಗಳಿಗೆ ಬದಲಾಗಿ ನಾವು ರಾಜನಿಗೆ ಮೂವರು ಕುದುರೆ ಸವಾರರನ್ನು ಸಾಕಿ ಕೊಡಬೇಕು. ಸನ್ಯಾಸಿನಿಯರು ಪ್ರಾರ್ಥನೆ ಮುಗಿಸಿ ಕತ್ತಿ ಹಿಡಿದವರಿಗೆ ಅಡುಗೆ ಬಡಿಸುತ್ತೇವೆ.

ಅಪ್ಪನ ವಿಷಯ ಕೇಳಿದ್ದೀಯ. ಅದು ಚಳಿಗಾಲ. ಕಾಲಿಗೆ ಹಿಮ ಹತ್ತಿತ್ತು, ಅವ್ವನ ಶಾಲು ಹೊದ್ದಿದ್ದೆ. ಹನ್ನೊಂದು ವರ್ಷದ ಹುಡುಗಿಗೆ ದೊಡ್ಡವರ ವ್ಯವಹಾರ ಎಷ್ಟು ತಿಳಿದೀತು? ಒಂದು ಮಾತು ಕೇಳು. ಸಭೆಯಲ್ಲಿ ನೀನು ಮುಂದೆ ನಿಂತು ಆಣೆ ಇಡಬೇಡ. ಊರವರಿಗೆ ಗೊತ್ತಿರುವುದನ್ನು ಊರವರೇ ಹೇಳಲಿ.

ಡ್ರೋಗೋನಿಗೆ ನೀನು ತಲೆಬಾಗಿಲ್ಲ ತಾನೇ?

ಎಡಿವಾ


ಆಲ್ಡರ್ಬಿ
1086, ಮಾರ್ಚ್ 10

ಅಕ್ಕಾ,

ನಿನ್ನ ಪತ್ರವನ್ನು ಪಾದ್ರಿಗಳು ಎರಡು ಸಲ ಓದಿದರು. ಎರಡು ಸಲವೂ ಅದರಲ್ಲಿ ಏನೂ ಇರಲಿಲ್ಲ.

ನಾನು ಕೇಳಿದ್ದು ಅಪ್ಪನ ವಿಷಯ, ನೀನು ಬರೆದದ್ದು ಶಾಲಿನ ವಿಷಯ. ಅವ್ವನ ಶಾಲು ನೆನಪಿದೆ, ಅಪ್ಪನ ಮಾತು ನೆನಪಿಲ್ಲ! ಆ ನಾರ್ಮನ್ ಮಠಾಧಿಕಾರಿಣಿ ಬಡಿಸಿದ ಅವರೆ ನೀರು ನಿನ್ನ ನಾಲಗೆಗೂ ಇಳಿದಿದೆ ಎಂದು ತೋವಾ ಹೇಳಿದಳು. ನಾನು ಅವಳಿಗೆ ಬೈದೆ. ಆಮೇಲೆ ಅವಳು ಹೇಳಿದ್ದು ಸರಿ ಅನ್ನಿಸಿತು.

ನೀನು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ನನಗೆ ಮುಚ್ಚಿಡಲು ಬರುವುದಿಲ್ಲ. ಬಾಗಿದ್ದೇನೆ. ಒಂಬತ್ತು ವರ್ಷವಾಯಿತು. ನಿನಗೆ ಬರೆಯಲು ನಾಚಿಕೆಯಾಗಿತ್ತು, ಬರೆಯಲಿಲ್ಲ. ಆ ವಾರ ನೆರೆಯೂರಿನಲ್ಲಿ ಯಾರ ಕಡೆಯವರೋ ಸೈನಿಕರು ಎರಡು ಕೊಟ್ಟಿಗೆ ಸುಟ್ಟಿದ್ದರು, ದನಗಳ ಸಮೇತ. ಡ್ರೋಗೋ ಒಲೆಯ ಮುಂದೆ ಬೂಟು ಬಿಚ್ಚಿ ಕೂತಿದ್ದ. ನಮ್ಮ ಮಾತನ್ನು ಒಡ್ಡೊಡ್ಡಾಗಿ ಆಡುತ್ತಾನೆ.

"ಯಾರಯ್ಯಾ ನಿನ್ ಒಡೆಯ?" ಎಂದ.

"ಇದ್ದೋರು ಯುದ್ಧದಲ್ಲಿ ಹೋದ್ರು ಸ್ವಾಮಿ."

"ಒಡೆಯ ಇಲ್ದೋನು ಬೀದಿ ನಾಯಿ ಇದ್ದಂಗೆ. ಯಾರ್ ಹೊಡುದ್ರೂ ಕೇಳೋರಿಲ್ಲ. ಬಾ, ಕೈ ಮುಂದಿಡು."

ನಾನು ಮೊಣಕಾಲೂರಿ ಎರಡೂ ಕೈ ಅವನ ಕೈಗಳ ನಡುವೆ ಇಟ್ಟೆ. ಅಪ್ಪ ಮಾಡಿದ್ದನ್ನೇ ಮಾಡಿದೆ ಎಂದುಕೊಂಡೆ. ಬಾಗಿದ್ದು ನಾನು. ಹೊಲ ಹೊಲದಲ್ಲೇ ಇತ್ತು. ಮರುವರ್ಷ ಬೇಸಾಯಕ್ಕೆ ಮೊದಲು ಅವನ ಪಾರುಪತ್ಯಗಾರ ನನ್ನ ಬಾಗಿಲಿಗೆ ಬಂದು "ಒಡೇರ ನೆಲದಲ್ಲಿ ಏನ್ ಬಿತ್ತೀಯ?" ಎಂದ. ನನಗೆ ನಗು ಬಂತು. ಅವನಿಗೆ ಬರಲಿಲ್ಲ.

ಈ ಜನವರಿಯಲ್ಲಿ ಮತ್ತೆ ಹೋಗಿ ಡ್ರೋಗೋನನ್ನೇ ಕೇಳಿದೆ: ಸ್ವಾಮಿ, ಇದು ನ್ಯಾಯವೇ ಎಂದು. ಅವನು ಸಿಟ್ಟು ಮಾಡಲಿಲ್ಲ. "ಇದು ನಂದೂ ಅಲ್ಲ ಕಣಯ್ಯಾ. ರಾಜ ಕೊಟ್ಟಿದ್ದು. ಐದು ಜನ ಸವಾರರನ್ನ ವರ್ಷಾ ವರ್ಷಾ ಕಳಿಸ್ತೀನಿ, ಅದಕ್ಕೆ ಬಿಟ್ಟಿದ್ದಾನೆ. ನಾಳೆ ಅವನಿಗೆ ಸಿಟ್ಟು ಬಂದ್ರೆ ನಾನೂ ನಿನ್ ಪಕ್ಕದಲ್ಲೇ ನಿಂತ್ಕೊಂಡು ಹಂದಿ ಕಾಯಬೇಕು" ಎಂದ. ಅವನ ಮುಖ ನೋಡಿದರೆ ತಮಾಷೆ ಮಾಡುತ್ತಿರಲಿಲ್ಲ. ಆದರೆ ಹಂದಿ ಕಾಯುತ್ತಿರುವವನು ನಾನು.

ನೀನು ಬರೆದರೂ ಬರೆಯದಿದ್ದರೂ ನಾನೇ ಮುಂದೆ ನಿಂತು ಆಣೆ ಇಡುತ್ತೇನೆ. ನೀನು ನಾರ್ಮನ್ನರಿಗೆ ಹೆದರಿ ಸನ್ಯಾಸಿನಿಯ ಮುಸುಕು ಹಾಕಿಕೊಂಡವಳು. ಹತ್ತೊಂಬತ್ತು ವರ್ಷವಾದರೂ ನಿನ್ನ ಹೆದರಿಕೆ ಹೋಗಿಲ್ಲ.

ಟೋಲಿ

(ಕೊನೆಯ ಎರಡು ಸಾಲು ಬೇಡವೆಂದೆ. ಬರೆಯದಿದ್ದರೆ ಈ ವಾರದ ಮೀನು ಕೊಡುವುದಿಲ್ಲವೆಂದ. — ಬ್ರೂನಿಂಗ್)


ಸನ್ಯಾಸಿನಿಯರ ಮಠ
1086, ಮಾರ್ಚ್ 24

ತಮ್ಮಾ,

ಹೆದರಿ ಬಂದವಳು ಎಂದಿದ್ದೀಯ. ಹೌದು. ಗಂಡ ಯುದ್ಧದಲ್ಲಿ ಸತ್ತ ಮೂರನೇ ತಿಂಗಳಿಗೆ ಒಬ್ಬ ಸವಾರ ಬಂದು ನನ್ನ ಅಂಗಳ ಅಳೆದ, ಆಮೇಲೆ ನನ್ನನ್ನು ನೋಡಿದ. ವಿಧವೆಯನ್ನು ಕಟ್ಟಿಕೊಂಡರೆ ವಿಧವೆಯ ನೆಲ ನ್ಯಾಯವಾಗಿಯೇ ಬರುತ್ತದೆ, ಕತ್ತಿ ಬೇಡ. ಆ ವಾರವೇ ನಾನು ಇಲ್ಲಿಗೆ ನಡೆದು ಬಂದೆ. ಕೆಲವು ವರ್ಷಗಳ ಮೇಲೆ ದೊಡ್ಡ ಬಿಷಪ್ಪರು, ದೇವರ ಮೇಲಿನ ಪ್ರೀತಿಗಲ್ಲದೆ ನಾರ್ಮನ್ನರ ಭಯಕ್ಕೆ ಮುಸುಕು ಹಾಕಿಕೊಂಡ ಹೆಂಗಸರು ಹೊರಗೆ ಹೋಗಬಹುದು ಎಂದು ಹೇಳಿಕಳಿಸಿದರು. ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳಿದರು. "ಭಯಕ್ಕೆ" ಎಂದೆ. "ಹಾಗಾದರೆ ಹೋಗಬಹುದು" ಎಂದರು. ನಾನು ಹೋಗಲಿಲ್ಲ. ಬಾಗಿಲು ತೆರೆದಿತ್ತು, ಆದರೆ ಬಾಗಿಲ ಆಚೆ ಇದ್ದವರು ಅವರೇ ಅಲ್ಲವೇ.

ಬ್ರೂನಿಂಗರೇ, ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಿ. ಸಭೆಯಲ್ಲಿ ಆಣೆ ಇಡಬೇಕಾದ ನಿಮ್ಮ ಕಿವಿಗೆ ಬೀಳದೆ ಇದು ನನ್ನ ತಮ್ಮನ ಕಿವಿಗೆ ಬೀಳುವ ದಾರಿಯಿಲ್ಲ. ಹಿಂದಿನ ಸಲ ನಾನು ಶಾಲಿನ ವಿಷಯ ಬರೆದದ್ದು ಅದಕ್ಕೇ.

ಟೋಲಿ, ನೀನು ಹುಟ್ಟಿದ ವರ್ಷ ಅಪ್ಪ ಹುಲ್ಲುಗಾವಲಿನ ಗಡಿಯ ಜಗಳದಲ್ಲಿ ಒಬ್ಬ ಕುರುಬನನ್ನು ಕೊಂದ. ಕೊಂದಿಲ್ಲ ಎಂದು ಸಭೆಯಲ್ಲಿ ಆಣೆ ಮಾಡಿದ. ಅವನ ಆಣೆ ನಿಜವೆಂದು ಆಣೆ ಮಾಡಲು ಹನ್ನೊಂದು ಜನ ಬೇಕಿತ್ತು. ಯಾರೂ ಮುಂದೆ ಬರಲಿಲ್ಲ. ಆಸ್ಮುಂಡ್ ಮೊದಲು ಕೈ ಇಟ್ಟ, ಅವನನ್ನು ನೋಡಿ ಉಳಿದ ಹತ್ತು ಜನ ಇಟ್ಟರು. ಅಪ್ಪ ಬದುಕಿದ. ಮರುದಿನ ಬೆಳಿಗ್ಗೆ ಅಪ್ಪ ನನ್ನನ್ನು ಕರೆದುಕೊಂಡು ಚರ್ಚಿಗೆ ಹೋದ. ಉದ್ದನೆಯ ಹೊಲದಿಂದ ಹುಲ್ಲಿನ ಬೇರಿನ ಸಮೇತ ಒಂದು ಹೆಂಟೆ ಕೊಯ್ದು ತಂದಿದ್ದ. ಬಾಗಿಲಲ್ಲಿ ನಿಂತಿದ್ದ ಆಸ್ಮುಂಡನ ಕೈಗೆ ಅದನ್ನಿಟ್ಟ. ಹಾಗೆ ಇಟ್ಟರೆ ನೆಲ ಹೋಯಿತೆಂದೇ ಅರ್ಥ, ನಿನಗೆ ಗೊತ್ತು.

"ನೀನೇ ಉಳ್ತಾ ಇರು ಕೆಟಿಲ್. ಊರಲ್ಲಿ ಬಾಯಿ ಬಿಡಬೇಡ" ಎಂದ ಆಸ್ಮುಂಡ್. ಕಂಡವರು ಮುದಿ ಪಾದ್ರಿ ಮತ್ತು ನಾನು. ಪಾದ್ರಿ ಸತ್ತ. ಆಸ್ಮುಂಡ್ ಮಾತಿಗೆ ತಪ್ಪಲಿಲ್ಲ, ಸಾಯುವವರೆಗೆ ಒಂದು ದಿನವೂ ಕೇಳಲಿಲ್ಲ. ಅಪ್ಪ ನಿನಗೆ ಹೇಳದೆಯೇ ಹೋದ.

ಆ ನೆಲ ನಿನ್ನದಲ್ಲ ತಮ್ಮಾ. ನೀನು ಬಿತ್ತಿದ್ದು ನಿನ್ನದು, ಬೆವರು ನಿನ್ನದು, ನೆಲ ಆಸ್ಮುಂಡನದು. ನಾರ್ಮನ್ನರ ಕಟ್ಟಳೆಯಲ್ಲಿ ಮಾತ್ರವಲ್ಲ, ನಮ್ಮ ಕಟ್ಟಳೆಯಲ್ಲೂ ಅಷ್ಟೇ. ಸಂತರ ಮೂಳೆಯ ಮೇಲೆ ಸುಳ್ಳು ಆಣೆ ಇಟ್ಟವನಿಗೆ ಬಿಡುಗಡೆಯಿಲ್ಲ. ನೆಲ ಹೋದರೆ ಹೋಗಲಿ. ನೆಲಕ್ಕಿಂತ ನೀನು ನನಗೆ ಮುಖ್ಯ. ಇಡಬೇಡ.

ಎಡಿವಾ


ಆಲ್ಡರ್ಬಿ
1086, ಏಪ್ರಿಲ್ 7

ಸೋದರಿ ಎಡಿವಾ ಅವರಿಗೆ ಪಾದ್ರಿ ಬ್ರೂನಿಂಗ್ ತಾನಾಗಿ ಬರೆಯುತ್ತಿರುವುದು. ಟೋಲಿಗೆ ಇದು ಗೊತ್ತಿಲ್ಲ.

ನಿಮ್ಮ ಪತ್ರ ಈಸ್ಟರ್ ದಿನ ಬಂತು. ಟೋಲಿ ಮತ್ತು ತೋವಾ ನನ್ನ ಎದುರು ಬೆಂಚಿನ ಮೇಲೆ ಕೂತಿದ್ದರು. ತೋವಾ ಮೊಟ್ಟೆ ಬೇಯಿಸಿ ತಂದಿದ್ದಳು. ಬಾಗಿಲ ಆಚೆ ಇದ್ದವರು ಅವರೇ ಎನ್ನುವವರೆಗೆ ಓದಿದೆ. ಟೋಲಿ ತಲೆ ತಗ್ಗಿಸಿ "ಅಯ್ಯೋ, ನಾನ್ ಹಂಗನ್ಬಾರ್ದಿತ್ತು" ಎಂದ. ಆಮೇಲೆ ನನ್ನ ಹೆಸರು ಕಂಡಿತು. ಅಲ್ಲಿಂದ ಮುಂದಿನದನ್ನು ಕಣ್ಣಿನಲ್ಲೇ ಓದಿಕೊಂಡೆ.

ಅವರಿಬ್ಬರೂ ಕಾಯುತ್ತಿದ್ದರು. ಬಾಯಿ ಬಿಡಲೇಬೇಕಿತ್ತು. ಏನೋ ಒಂದು ಓದಿದೆ. ಏನು ಓದಿದೆ ಎಂದು ಬರೆಯುವ ಧೈರ್ಯ ಇವತ್ತು ಇಲ್ಲ.

ನಾನು ಇಪ್ಪತ್ತೆರಡು ವರ್ಷ ಈ ಊರಿನ ಪಾಪಗಳನ್ನು ಕೇಳಿಸಿಕೊಂಡಿದ್ದೇನೆ. ನೀವು ಬರೆದದ್ದು ಪಾಪ ನಿವೇದನೆಯಾದರೆ ಅದು ನನ್ನ ಜೊತೆ ಮಣ್ಣಾಗಬೇಕು. ಸುದ್ದಿಯಾದರೆ ಎರಡು ವಾರ ಬಿಟ್ಟು ಗುಡ್ಡದ ಮೇಲೆ ಹೇಳಬೇಕು. ಯಾವುದು ಎಂದು ನೀವು ಪತ್ರದಲ್ಲಿ ಹೇಳಿಲ್ಲ. ನೀವು ತಕ್ಷಣ ಉತ್ತರ ಬರೆದರೂ ಅಷ್ಟರೊಳಗೆ ಬರುವುದಿಲ್ಲ. ನನಗೆ ಅದು ಗೊತ್ತಿದ್ದೇ ಕೇಳುತ್ತಿದ್ದೇನೆ.

ಟೋಲಿ ಒಳ್ಳೆಯವನು. ಬಾಯಿ ಸ್ವಲ್ಪ ಜೋರು. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲದೆ ಹೇಳಿದವನಿಗೆ ಸಂತರು ಏನೂ ಮಾಡಲಾರರು ಎಂದು ನನ್ನ ನಂಬಿಕೆ. ಗೊತ್ತಿರುವವನ ವಿಷಯ ಬೇರೆ.

ಬ್ರೂನಿಂಗ್


ಆಲ್ಡರ್ಬಿ
1086, ಮೇ 2

ಅಕ್ಕಾ, ಗೆದ್ದೆವು!

ಮೊದಲು ಒಂದು ಮಾತು. ಹಿಂದಿನ ಪತ್ರದಲ್ಲಿ ನಾನು ಆಡಿದ್ದಕ್ಕೆ ನನ್ನ ಬಾಯಿಗೆ ನಾನೇ ಹೊಡೆದುಕೊಂಡಿದ್ದೇನೆ. ನೀನು ಅದನ್ನೆಲ್ಲ ನುಂಗಿಕೊಂಡು "ಅಪ್ಪ ಬಾಗಿದ, ನೆಲ ಬಾಗಲಿಲ್ಲ, ನಾನು ಅಲ್ಲೇ ನಿಂತು ಕಂಡೆ" ಎಂದು ಬರೆದೆಯಲ್ಲ, ಆ ಸಾಲನ್ನು ಪಾದ್ರಿಗಳಿಂದ ಮೂರು ಸಲ ಓದಿಸಿಕೊಂಡೆ. ಮೂರನೇ ಸಲ ಓದಿ ಅವರು ಪತ್ರ ಮಡಚಿಟ್ಟುಬಿಟ್ಟರು.

ಸಭೆಗೆ ಇಡೀ ಹೋಬಳಿ ಬಂದಿತ್ತು. ಮಳೆ ಹನಿಯುತ್ತಿತ್ತು. ರಾಜನ ಕಡೆಯವರು ಡೇರೆಯ ಕೆಳಗೆ, ನಾವು ಹೊರಗೆ. ಎಂಟು ಜನ ನಾರ್ಮನ್ನರು, ಎಂಟು ಜನ ನಮ್ಮವರು ಪಂಚರಾಗಿ ನಿಂತರು. ಬೆಳ್ಳಿಯ ಪೆಟ್ಟಿಗೆಯಲ್ಲಿ ಸಂತರ ತೋಳಿನ ಮೂಳೆ. ಡ್ರೋಗೋ ಎದ್ದು ನಿಂತು, "ನನಗೆ ಇವನು ತಾನಾಗೇ ತಲೆಬಾಗಿದಾನೆ. ಬೇಕಾದ್ರೆ ಅವನನ್ನೇ ಕೇಳಿ" ಎಂದ. ಎಲ್ಲರೂ ನನ್ನನ್ನು ನೋಡಿದರು.

"ಬಾಗಿದ್ದು ನಿಜ ಸ್ವಾಮಿ. ನಂಗೆ ಮೊಣಕಾಲಿದೆ, ಊರಿದೆ. ನೆಲಕ್ಕೆ ಮೊಣಕಾಲಿದ್ಯಾ? ಇದ್ರೆ ತೋರಿಸಿ, ಅದೂ ಊರಲಿ" ಎಂದೆ. ನಮ್ಮವರು ಬಿದ್ದು ಬಿದ್ದು ನಕ್ಕರು. ಒಬ್ಬ ನಾರ್ಮನ್ ಪಂಚನೂ ನಕ್ಕ, ಆಮೇಲೆ ಡ್ರೋಗೋನ ಮುಖ ನೋಡಿ ಕೆಮ್ಮಿದ. ನನ್ನಕ್ಕ ಮಠದಲ್ಲಿದ್ದಾಳೆ, ಕಣ್ಣಾರೆ ಕಂಡವಳು, ಬರೆದು ಕಳಿಸಿದ್ದಾಳೆ ಎಂದು ಕೂಗಿ ಹೇಳಿದೆ.

ಮೊದಲು ನಾನು ಕೈ ಇಟ್ಟೆ. ಊರ ಯಜಮಾನ ಇಟ್ಟ, ಒಕ್ಕಲು ಆರು ಜನ ಇಟ್ಟರು. ರಾಜನ ಕಡೆಯವನು, "ಪಾದ್ರಿಗಳೇ, ನೀವೇನಂತೀರಿ?" ಎಂದು ಕೇಳಿದ. ಬ್ರೂನಿಂಗರು ಮುಂದೆ ಬಂದು ನನ್ನ ಮುಖ ನೋಡಿದರು. ಆಮೇಲೆ ಮೂಳೆಯ ಮೇಲೆ ಕೈ ಇಟ್ಟು, "ಕೆಟಿಲನೂ ಅವನ ಮಗನೂ ಸ್ವತಂತ್ರರು, ನೆಲದ ಸಮೇತ ಎಲ್ಲಿ ಬೇಕಾದರೂ ಹೋಗಬಹುದಾಗಿತ್ತು" ಎಂದರು. (ಇದನ್ನು ಬಿಟ್ಟುಬಿಡು ಎಂದೆ. ಬಿಡಲಿಲ್ಲ. ಹೇಳಿದ ಹಾಗೆ ಬರೆದಿದ್ದೇನೆ. ಹಾಗೆ ಹೇಳಿದ್ದೂ ನಿಜ. — ಬ್ರೂನಿಂಗ್)

ಅದನ್ನು ಹಾಗೇ ಬರೆದುಕೊಂಡರು. ತೋವಾ ಅವತ್ತು ಹೊಸ ಬಾರ್ಲಿ ಮದ್ಯದ ಪೀಪಾಯಿ ಒಡೆದಳು. ಪಾದ್ರಿಗಳು ಮಾತ್ರ ಕುಡಿಯಲಿಲ್ಲ. ಅವತ್ತಿನಿಂದ ರೊಟ್ಟಿ ನೀರಿನಲ್ಲೇ ಇದ್ದಾರೆ. ಈಸ್ಟರ್ ಕಳೆದ ಮೇಲೆ ಯಾರಾದರೂ ಉಪವಾಸ ಮಾಡುತ್ತಾರಾ ಎಂದು ಕೇಳಿದರೆ, ಕೆಲವರು ನಿಧಾನ ಎನ್ನುತ್ತಾರೆ.

ಟೋಲಿ


ಆಲ್ಡರ್ಬಿ
1086, ಅಕ್ಟೋಬರ್ 4

ಅಕ್ಕ ಎಡಿವಾಗೆ ಟೋಲಿ ಹೇಳಿದ್ದು. ಬರೆಯುತ್ತಿರುವವನು ಡ್ರೋಗೋ ಒಡೆಯರ ಮನೆಯ ಬರಹಗಾರ ರಾಲ್ಫ್. (ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದಾಗಿ ಒಪ್ಪಿದ್ದೇನೆ. — ರಾಲ್ಫ್)

ಬೇಸಿಗೆಯಿಡೀ ನಿನ್ನ ಪತ್ರ ಬರಲಿಲ್ಲ. ಸಿಟ್ಟೋ, ಕಾಯಿಲೆಯೋ ತಿಳಿಯಲಿಲ್ಲ.

ಚರ್ಚು ಆಸ್ಮುಂಡ್ ಕಟ್ಟಿಸಿದ್ದು, ಹಾಗಾಗಿ ಅದು ಈಗ ಡ್ರೋಗೋ ಒಡೆಯರದು. ಆಗಸ್ಟ್‌ನಲ್ಲಿ ಅದನ್ನು ಅವರ ಅಕ್ಕನ ಮಗನಿಗೆ ಕೊಟ್ಟರು. ಆ ಹೊಸ ಪಾದ್ರಿಗೆ ನಮ್ಮ ಭಾಷೆ ಬರುವುದಿಲ್ಲ. ಬ್ರೂನಿಂಗರು ಕೊಯ್ಲು ಮುಗಿಯುವ ಮೊದಲೇ ಊರು ಬಿಟ್ಟರು, ಸಮುದ್ರದ ದಾರಿಯಲ್ಲಿ, ಬರಿಗಾಲಲ್ಲಿ. ಜೋಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಏನೋ ಹರಕೆಯಂತೆ. ನನಗೆ ಅಳು ಬಂತು.

ರಾಜನ ಲೆಕ್ಕದ ಪುಸ್ತಕದಲ್ಲಿ ನಮ್ಮದನ್ನು ಹೇಗೆ ಬರೆದಿದ್ದಾರೆ ಎಂದು ರಾಲ್ಫ್ ಓದಿ ಹೇಳಿದರು. "ಎಡ್ವರ್ಡ್ ದೊರೆಯ ಕಾಲದಲ್ಲಿ ಟೋಲಿ ಎಂಬ ಸ್ವತಂತ್ರನು ಎಂಬತ್ತು ಎಕರೆ ಹಿಡಿದಿದ್ದನು. ನೆಲದ ಸಮೇತ ಎಲ್ಲಿ ಬೇಕಾದರೂ ಹೋಗಬಹುದಾಗಿತ್ತು. ಈಗ ಡ್ರೋಗೋ ಹಿಡಿದಿದ್ದಾನೆ." ಅಷ್ಟೇ. ಒಂದರ ಕೆಳಗೆ ಒಂದು. ನೀನು ಹೇಳಿದ್ದೆ, ನಡುವೆ ಏನೂ ಇಲ್ಲ ಎಂದು. ಜೂನ್‌ನಿಂದ ನಾನು ವಾರಕ್ಕೆ ಮೂರು ದಿನ ಒಡೆಯರ ಹೊಲದಲ್ಲಿ ಬಿಟ್ಟಿ ಮಾಡುತ್ತೇನೆ, ತೋವಾ ಎರಡು ದಿನ ಅವರ ಕಣಜದಲ್ಲಿ. ಬೆನ್ನು ಪರವಾಗಿಲ್ಲ.

ಆಗಸ್ಟ್ ಒಂದಕ್ಕೆ ಒಡೆಯರೂ ಹೋಗಿ ರಾಜನ ಮುಂದೆ ಮೊಣಕಾಲೂರಿ ಬಂದರು. ದೇಶದ ದೊಡ್ಡವರೆಲ್ಲ ಊರಿದರಂತೆ. ಬಂದವರು ನನ್ನನ್ನು ಕರೆಸಿದರು.

"ಪುಸ್ತಕದಲ್ಲಿ ನೀನು ಸ್ವತಂತ್ರ ಅಂತಿದೆ. ನಂಗೆ ರಾಜ ಕೊಟ್ಟಿದ್ದು ಆಸ್ಮುಂಡನ ನೆಲ. ರಾಜನ ಕಡೆಯೋರು, ಟೋಲಿ ನೆಲ ಯಾವ ಹಕ್ಕಿಂದ ತಗೊಂಡೆ, ರಾಜನ ಮೊಹರು ತೋರ್ಸು ಅಂತಿದ್ದಾರೆ. ನನ್ಹತ್ರ ಮೊಹರಿಲ್ಲ" ಎಂದರು.

"ಹಂಗಾದ್ರೆ ನಂಗೆ ವಾಪಸ್ ಬರತ್ತಾ ಸ್ವಾಮಿ?"

"ನಿಂಗ್ಯಾಕಯ್ಯಾ ಬರತ್ತೆ? ರಾಜ ಇಟ್ಕೋತಾನೆ, ಇಲ್ಲಾ ನನ್ ಪಕ್ಕದೋನಿಗೆ ಕೊಡ್ತಾನೆ. ಕೇಳು. ನಿನ್ನಕ್ಕ ಕಂಡೋಳು ಅಂತ ನೀನೇ ಕೂಗಿದ್ದೆ. ಆ ನೆಲ ಆಸ್ಮುಂಡನದೇ ಅಂತ ಅವಳು ಒಂದು ಸಾಲು ಬರೀಲಿ. ಪುಸ್ತಕ ಇನ್ನೂ ಶುದ್ಧಪ್ರತಿ ಆಗಿಲ್ಲ, ತಿದ್ದಿಸ್ತೀನಿ. ಬಿಟ್ಟಿ ಅವತ್ತೇ ನಿಲ್ಲತ್ತೆ. ನೀನೂ ನಿನ್ನ ಹೆಂಡ್ತಿನೂ ಬದುಕಿರೋವರೆಗೂ ಆ ಎಂಬತ್ತೆಕರೆ ನೀವೇ ಉಳ್ಕೊಳಿ. ಬರೀಲಿಲ್ಲ ಅಂದ್ರೆ ಮೂರು ದಿನ ಐದಾಗತ್ತೆ."

ಅದಕ್ಕೇ ಈ ಪತ್ರ. ತೋವಾ, "ಸ್ವತಂತ್ರ ಅನ್ನೋ ಆ ಸಾಲನ್ನ ಬೇಯಿಸ್ಕೊಂಡು ತಿನ್ನಕ್ಕಾಗತ್ತಾ?" ಎನ್ನುತ್ತಾಳೆ. ಅವಳದೂ ತಪ್ಪಲ್ಲ, ಕೆಮ್ಮು ಮತ್ತೆ ಬಂದಿದೆ. ನೀನು ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ. ಆದರೆ ಐದು ದಿನ ದುಡಿದವನೂ ಮನೆಗೆ ಬಂದು ನಾನು ಕೆಟಿಲನ ಮಗ ಎಂದುಕೊಂಡು ಮಲಗಬಹುದು. ಈಗ ನನ್ನ ಹತ್ತಿರ ಉಳಿದಿರುವುದು ಅದೊಂದೇ.

ಟೋಲಿ

(ಉತ್ತರ ಬಂದಾಗ ಒಡೆಯರ ಎದುರಿನಲ್ಲಿ ಓದಲಾಗುವುದು. — ರಾಲ್ಫ್)


ಸನ್ಯಾಸಿನಿಯರ ಮಠ
1086, ಅಕ್ಟೋಬರ್ 25

ತಮ್ಮ ಟೋಲಿಗೆ,

ನನಗೆ ಸಿಟ್ಟೂ ಇರಲಿಲ್ಲ, ಕಾಯಿಲೆಯೂ ಇರಲಿಲ್ಲ. ಬೇಸಿಗೆಯಲ್ಲಿ ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಎದ್ದೆ. ನಿನ್ನ ಈ ಪತ್ರ ಬಂದ ಮೇಲೆ ಮೂರು ದಿನ ಯೋಚಿಸಿದೆ. ತೋವಾಳ ಕೆಮ್ಮಿನ ವಿಷಯವನ್ನೂ ಯೋಚಿಸಿದೆ. ಅವಳು ನನ್ನನ್ನು ಬೈಯಲಿ, ತಡೆಯಬೇಡ. ಈ ಪತ್ರದ ಜೊತೆ ಉಣ್ಣೆಯ ಹೊದಿಕೆ ಕಳಿಸಿದ್ದೇನೆ, ಅವಳಿಗೆ ಕೊಡು.

ಬ್ರೂನಿಂಗರು ಎಲ್ಲಾದರೂ ಸಿಕ್ಕರೆ ಒಂದು ಮಾತು ತಲುಪಿಸು. ಈಸ್ಟರ್ ದಿನ ಅವರು ನನ್ನ ಪತ್ರವನ್ನು ಸರಿಯಾಗಿಯೇ ಓದಿದರು. ನಾನು ಬರೆದದ್ದು ಅದನ್ನೇ. ಅವರು ಜೋಡು ಹಾಕಿಕೊಳ್ಳಲಿ.

ರಾಲ್ಫ್ ಅವರೇ, ಇನ್ನು ಮುಂದಿನದನ್ನು ಒಡೆಯರಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಓದಿ.

ಆಲ್ಡರ್ಬಿಯ ಕೆಟಿಲನ ಮಗಳು ಎಡಿವಾ, ಐವತ್ತೊಂದು ವರ್ಷದವಳು, ಬುದ್ಧಿ ಸ್ವಾಧೀನದಲ್ಲಿರುವವಳು, ತನ್ನ ಕೈಯಾರೆ ಬರೆದದ್ದು. ನನ್ನ ತಂದೆ ಆಸ್ಮುಂಡನ ಆಳಾದ ದಿನ ನಾನು ಚರ್ಚಿನ ಬಾಗಿಲಲ್ಲಿ ಅವನ ಪಕ್ಕದಲ್ಲಿ ನಿಂತಿದ್ದೆ. ನನ್ನ ತಂದೆ ತಲೆಬಾಗಿದ. ಅವನ ಎರಡೂ ಕೈ ಖಾಲಿ ಇದ್ದವು. ರಾಜನ ಕಡೆಯವರು ಯಾವ ದಿನ ಬೇಕಾದರೂ, ಯಾವ ಸಂತರ ಮೂಳೆಯನ್ನು ಬೇಕಾದರೂ ಹೊತ್ತು ಇಲ್ಲಿಗೆ ಬರಲಿ. ನಾನು ಕೈ ಇಡುತ್ತೇನೆ.

ಎಡಿವಾ